ಕಟಿಂಗ್ ಮಾಸ್ಟರ ಮೂರು ಕಂಬದ ಹಡಗು

ನಮ್ಮ ಬೀದಿಯ ದರ್ಜಿಯನ್ನು ಎಲ್ಲರೂ ಕಟಿಂಗ್ ಮಾಸ್ಟರೆಂದೇ ಕರೆಯುತ್ತಿದ್ದರು. ಮೇಷ್ಟರಾಗಿ ನಾನು ಶಾಲೆಗೆ ತೊಟ್ಟುಕೊಂಡು ಹೋದ ಅಂಗಿಗಳೆಲ್ಲ ಅವರು ಕತ್ತರಿಸಿದವು. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ತೋಳು, ಕೊರಳು, ಬೆನ್ನು ಎಲ್ಲವನ್ನೂ ಒಂದೇ ಉಸಿರಿಗೆ ಕತ್ತರಿಸಿಟ್ಟ ಮೇಲೆಯೇ ಅವರು ಹೊಲಿಗೆಯ ಮಾತೆತ್ತುತ್ತಿದ್ದರು.

ಅರವತ್ತೆಂಟನೆಯ ವಯಸ್ಸಿನಲ್ಲಿ ಅವರು ವಕೀಲರೊಬ್ಬರ ಕೋಟಿನ ತೋಳನ್ನು ಎರಡು ಬೆರಳು ಗಿಡ್ಡ ಮಾಡಿದರು. ಅಂದೇ ಮಗ ಮೇಜಿಗೆ ತಾನು ನಿಂತು, ಅಪ್ಪನನ್ನು ಗುಂಡಿ ಹಚ್ಚಲು ಕೂರಿಸಿದ. ಕತ್ತರಿಯನ್ನು ಮಾತ್ರ ಮಾಸ್ಟರು ಬಿಟ್ಟುಕೊಡಲಿಲ್ಲ.

"ಕೈ ನಡುಗತ್ತಪ್ಪ ನಿಂಗೆ. ಗಿರಾಕಿಗಳ ಎದುರು ಹೇಳಿಸ್ಕೋಬೇಡ."

"ನಡುಗಲ್ಲ ಕಣೋ. ಬೇಕಾದ್ರೆ ಪರೀಕ್ಷೆ ಮಾಡು."

ಮೂಲೆಯ ಆಟಿಕೆ ಅಂಗಡಿಯ ಗಾಜಿನೊಳಗಿದ್ದ, ಬಿಡಿಭಾಗ ಜೋಡಿಸಿ ಕಟ್ಟುವ ಮರದ ಮಾದರಿ ಹಡಗಿನ ಮೇಲೆ ಅಪ್ಪನಿಗೆ ಬಹುಕಾಲದಿಂದ ಕಣ್ಣಿದೆಯೆಂಬುದು ಮಗನಿಗೆ ಗೊತ್ತಿತ್ತು. "ಹಾಗಾದ್ರೆ ಒಂದು ಹಡಗು ಕಟ್ಟು. ಸರಿಯಾಗಿ ಮುಗಿಸಿದ್ರೆ ಮೇಜು ನಿಂದು. ಇಲ್ಲಾಂದ್ರೆ ಕತ್ತರಿ ನನ್ ಕೈಗೆ ಕೊಟ್ಟು ಸುಮ್ನಿರು," ಎಂದ. ಮಾಸ್ಟರು ಒಪ್ಪಿದರು.

ಅಪ್ಪ ಮಗ ಇಬ್ಬರೂ ಆ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯವನು ಸಣ್ಣ ಪೆಟ್ಟಿಗೆಯೊಂದನ್ನು ಮುಂದಿಟ್ಟ.

"ಮೊದಲ್ನೇ ಸಲ ಅಂದ್ರೆ ಈ ಒಂಟಿ ಕಂಬದ ದೋಣಿ ತಗೊಳ್ಳಿ ಯಜಮಾನ್ರೇ. ಮೂರು ಕಂಬದ್ದು ತಗೊಂಡೋರು ಮುಕ್ಕಾಲು ಜನ ಅಟ್ಟಕ್ಕೆ ಎಸೀತಾರೆ."

ಮಾಸ್ಟರ ಕೈ ಸಣ್ಣ ಪೆಟ್ಟಿಗೆಯ ಮೇಲೆಯೇ ಇತ್ತು. ಮಗ ನಕ್ಕ. "ನಲವತ್ತು ವರ್ಷ ಕತ್ತರಿ ಹಿಡಿದ ಕೈಗೆ ಮಕ್ಕಳಾಟದ ದೋಣಿನಾ? ನೋಡಿದೋರು ಉಗೀತಾರೆ. ದೊಡ್ಡದೇ ಕೊಡಿ."

ಅಪ್ಪನ ಬಗ್ಗೆ ಮಗನಿಗಿರುವ ಹೆಮ್ಮೆಯೆಂದು ಭಾವಿಸಿ ನಾನೂ ತಲೆಯಾಡಿಸಿದೆ. ಮಾಸ್ಟರು ಕೈ ಹಿಂದಕ್ಕೆ ತೆಗೆದರು.

ದೊಡ್ಡ ಪೆಟ್ಟಿಗೆಯೊಳಗಿದ್ದ, ಹಡಗು ಕಟ್ಟುವ ಕ್ರಮ ತಿಳಿಸುವ ಪುಸ್ತಕವನ್ನು ಮಗ ಕುಳಿತು ಕೊನೆಯವರೆಗೂ ಓದಿದ. ಮಾಸ್ಟರು ಓದಲಿಲ್ಲ, ನಕ್ಷೆಯೊಂದು ಸಾಕೆಂದರು. ಹಡಗಿನ ಮೈಗೆ ಹೊದಿಸುವ ತೆಳ್ಳಗಿನ ಮರದ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ನಕ್ಷೆಯಿಂದ ಅಳತೆ ತೆಗೆದು, ಒಂದೇ ಮಧ್ಯಾಹ್ನದಲ್ಲಿ ನೂರಾರು ಪಟ್ಟಿಗಳನ್ನು ಕತ್ತರಿಸಿ ಮುಗಿಸಿದರು. ಒಂದು ಗೆರೆಯೂ ತಪ್ಪಿರಲಿಲ್ಲ. ಮಗ ಪಕ್ಕದಲ್ಲೇ ನಿಂತು, "ಹಾಗೇ ಮಾಡಪ್ಪ, ಎಲ್ಲಾ ಒಟ್ಟಿಗೆ ಕತ್ತರಿಸಿಬಿಡು," ಎನ್ನುತ್ತಿದ್ದ.

ಆದರೆ ಮರ ಬಟ್ಟೆಯಲ್ಲ. ಒಂದು ಪಟ್ಟಿಯನ್ನು ನೆನೆಸಿ, ಬಗ್ಗಿಸಿ, ಅಂಟಿಸಿದ ಮೇಲೆಯೇ ಮುಂದಿನದರ ಅಳತೆ ತಿಳಿಯುತ್ತದೆ. ಮಾಸ್ಟರ ಪಟ್ಟಿಗಳು ಬಾಗಿದ ಕಡೆಯಲ್ಲೆಲ್ಲ ಬಾಯಿ ಬಿಟ್ಟವು. ಎರಡು ತಿಂಗಳು ಹೆಣಗಿದರೂ ಕೂಡಲಿಲ್ಲ.

ಮಗ ಆ ಅರೆಬರೆ ಹಡಗನ್ನು ತಂದು ಗಿರಾಕಿಗಳು ಕೂರುವ ಬೆಂಚಿನೆದುರು ಇಟ್ಟ. ವಕೀಲರೇ ಮೊದಲು ನಕ್ಕರು. "ಇದೇನು ಮಾಸ್ಟ್ರೇ, ಹಡಗೋ ಜರಡಿಯೋ?"

ಅವರು ಹೋದ ಮೇಲೆ ಮಾಸ್ಟರು ನನ್ನೆದುರೇ ಪುಸ್ತಕ ತೆರೆದು ಒಂದು ಪುಟದ ಮೇಲೆ ಬೆರಳಿಟ್ಟರು. "ಒಂದೊಂದೇ ಅಳೆದು ಕತ್ತರಿಸಿ ಅಂತ ಇಲ್ಲಿದೆ. ನೀನು ಓದಿದ್ಯಲ್ಲೋ?"

"ಓದಿದ್ದೆ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಪರೀಕ್ಷೇಲಿ ಯಾರಾದ್ರೂ ಹೇಳ್ಕೊಡ್ತಾರಾ? ಇಲ್ಲೇ ಕೂತಿದಾರಲ್ಲ, ಈ ಶಾಲೆ ಮೇಷ್ಟ್ರನ್ನೇ ಕೇಳು."

ಮಾಸ್ಟರು ನನ್ನತ್ತ ನೋಡಿದರು. ನಾನು ಪುಸ್ತಕವನ್ನು ಮುಚ್ಚಿಟ್ಟೆ. ಅವರು ಕತ್ತರಿಯನ್ನು ಒರೆಸಿ, ಹಿಡಿಯನ್ನು ಮಗನತ್ತ ತಿರುಗಿಸಿ ಕೊಟ್ಟರು. ಅವನು ಅದನ್ನು ಮೇಜಿನ ಮೇಲಿಟ್ಟು ನೀಲಿ ಅಂಗಿಯೊಂದನ್ನು ಅವರ ಮಡಿಲಿಗೆ ಎಸೆದ. "ಸಂಜೆ ಬರ್ತಾರೆ, ಬೇಗ ಹಚ್ಚು."

"ಎಷ್ಟು ಗುಂಡಿ?" ಎಂದು ಮಾಸ್ಟರು ಕೇಳಿದರು.