ಪಟ್ಟಿ ಬಿಗಿಯದ ಕೈಗಳು

ಇನ್ನೂ ಬೆಳಕು ಹರಿದಿಲ್ಲ. ಅಮೆರಿಕದ ಉತ್ತರದಂಚಿನ ಸುಪೀರಿಯರ್ ಸರೋವರದ ಗಾಳಿಗೆ ಆಸ್ಪತ್ರೆಯ ಕಿಟಕಿಗಳು ಅದುರುತ್ತಿವೆ. ಎಳೆಗೂಸುಗಳ ಕೋಣೆಯಲ್ಲಿ ನರ್ಸ್ ಐಲಾ ಲೆಹ್ಟೊ ತೊಟ್ಟಿಲುಗಳ ಅಂಚು ಒರೆಸುತ್ತಿದ್ದಾರೆ. ಕೊನೆಗೆ ಒಂದು ಬಿಳಿ ಪ್ಲಾಸ್ಟಿಕ್ ಹಲಗೆ ಕೈಗೆ ಬರುತ್ತದೆ. ಅದರಲ್ಲಿ ಮಗುವಿನ ಮೈಯಷ್ಟೇ ತಗ್ಗು. ಕೈಕಾಲು ಬಿಗಿಯಲು ನಾಲ್ಕು ಪಟ್ಟಿ. ಅದನ್ನೂ ತೊಳೆದು ಗೂಟಕ್ಕೆ ತೂಗುಹಾಕುತ್ತಾರೆ.

"ಧೂಳಿನ ಶತ್ರು! ಸುಮ್ನೆ ನಿಂತ್ರೆ ಬಾಣಂತೀನೂ ಒರೆಸಿಬಿಡ್ತೀಯಲ್ಲೇ," ಎಂದು ರಾತ್ರಿ ಪಾಳಿಯ ಬೆವರ್ಲಿ ಕೋಟು ತೊಡುತ್ತಾ ರೇಗಿಸುತ್ತಾರೆ. ಐಲಾ ತಂದ ಏಲಕ್ಕಿ ಬ್ರೆಡ್ಡಿನ ತುಂಡೊಂದು ಆಗಲೇ ಅವರ ಜೇಬು ಸೇರಿದೆ.

ಈ ಊರಿನಲ್ಲಿ ಗಂಡುಮಗು ಹುಟ್ಟಿದರೆ ಮನೆಗೆ ಕಳಿಸುವ ಮುನ್ನ ಅದರ ಶಿಶ್ನದ ಮುಂದೊಗಲು ತೆಗೆಯುವುದು, ಅಂದರೆ ಸುನ್ನತಿ ಮಾಡುವುದು, ವಾಡಿಕೆ. ಕಾಯಿಲೆ ಇರಬೇಕಿಲ್ಲ. ಅಪ್ಪನಿಗೆ ಆಗಿದೆ, ಮಗನಿಗೂ ಆಗಲಿ, ಅಷ್ಟೆ. "ಮಾಡಿಸ್ತೀರಾ ಅಂತ ನಾವು ಕೇಳಲ್ಲ, ಯಾವಾಗ ಮಾಡಿಸ್ತೀರಿ ಅಂತ ಕೇಳ್ತೀವಿ," ಎನ್ನುತ್ತಾರೆ ಐಲಾ. "ಧರ್ಮ ಅಂತ ನಂಬಿ ಮಾಡಿಸೋರ ಮಾತು ಬೇರೆ. ಅವರ ವಿಷಯಕ್ಕೆ ನಾನು ಹೋಗಲ್ಲ. ಯಾರೂ ಯೋಚಿಸದೆ ನಡೆಯುತ್ತಲ್ಲ, ಅದಕ್ಕೆ ನನ್ನ ಕೈ ಬರಲ್ಲ."

ಈ ಶಸ್ತ್ರಕ್ರಿಯೆಗೆಂದು ಮಗುವನ್ನು ಆ ಹಲಗೆಯ ಮೇಲೆ ಮಲಗಿಸಿ ಅವರೂ ವರ್ಷಗಟ್ಟಲೆ ಪಟ್ಟಿ ಬಿಗಿದವರೇ. ಮಗುವನ್ನು ತಾಯಿಯ ಮಡಿಲಿಗೆ ಮರಳಿಸುವಾಗ "ಪಾಪ, ಮಲಗೇ ಇದ್ದ" ಎನ್ನುವುದು ಅಲ್ಲಿನ ನರ್ಸ್‌ಗಳ ರೂಢಿ. ಐಲಾ ಕೂಡ ಹಾಗೇ ಹೇಳುತ್ತಿದ್ದರು. ಒಂದು ದಿನ ಒಬ್ಬ ಬಾಣಂತಿ ಗೋಡೆ ಹಿಡಿದುಕೊಂಡು ಬಾಗಿಲವರೆಗೂ ಬಂದು ನಿಂತಿದ್ದಳು.

"ಮಲಗಿದ್ನಾ ಸಿಸ್ಟರ್? ಹಾಗಾದ್ರೆ ಅಷ್ಟು ಹೊತ್ತು ನಾನು ಕೇಳಿದ್ದು ಯಾರ ಅಳು?"

ಒಳಗೆ ಇದ್ದದ್ದು ಆ ಒಂದೇ ಮಗು. ಅಂದಿನಿಂದ ಐಲಾ ಪಟ್ಟಿ ಬಿಗಿದಿಲ್ಲ. ಆ ಕೆಲಸವನ್ನು ಬೆವರ್ಲಿ ಮಾಡುತ್ತಾ ಬಂದರು. "ನಂಗೇನೂ ತಪ್ಪು ಅನ್ಸಲ್ಲ. ಅವಳಿಗೆ ಅನ್ಸುತ್ತೆ. ಬಿಡಿ, ನಾನೇ ಕಟ್ತೀನಿ," ಎಂದರು, ಅಷ್ಟೇ. ಅದಕ್ಕೆ ಬದಲಾಗಿ ಪ್ರತಿ ಕ್ರಿಸ್‌ಮಸ್‌ಗೂ ಬೆವರ್ಲಿಯ ಪಾಳಿಗೆ ಐಲಾ ನಿಲ್ಲುತ್ತಾರೆ.

ಈಗ ಆ ಹೊಂದಾಣಿಕೆಗೂ ಕುತ್ತು ಬಂದಿದೆ. ನರ್ಸ್‌ಗಳ ಸಂಖ್ಯೆ ಇಳಿಸಿದ್ದಾರೆ, ಪಾಳಿಗೊಬ್ಬರೇ; ಜೊತೆಗಿದ್ದ ಬೆವರ್ಲಿಯನ್ನು ರಾತ್ರಿಗೆ ಹಾಕಿದ್ದಾರೆ. ಮೇಲ್ವಿಚಾರಕಿ ನೇರವಾಗಿಯೇ ಹೇಳಿದ್ದಾರೆ: "ಪಟ್ಟಿ ಕಟ್ಟು ಐಲಾ, ಇಲ್ಲಾ ಬೇರೆ ವಾರ್ಡಿಗೆ ಹೋಗು." ಎಳೆಗೂಸುಗಳನ್ನು ಬಿಟ್ಟು ಬೇರೆ ಕೆಲಸ ಮಾಡಿದವರಲ್ಲ ಐಲಾ.

ಬೆಳಗಾಗುತ್ತಿದ್ದಂತೆ ಡಾಕ್ಟರ್ ವಿಕ್‌ಸ್ಟ್ರಾಮ್ ಬರುತ್ತಾರೆ. ಮುಂದೆ ಸೋಂಕು ಕಡಿಮೆಯಾಗುತ್ತದೆಂದು ನಂಬಿ ಈ ಕೆಲಸ ಮಾಡುವ ಹಿರಿಯರು ಅವರು.

"ಮಗೂನ ಕಟ್ಟಮ್ಮ."

"ಇಲ್ಲ ಡಾಕ್ಟ್ರೇ. ಅವನು ಬೇಡ ಅಂತ ಹೇಳೋ ಹಾಗಿಲ್ಲ. ಅವನ ಕೈ ನಾನು ಕಟ್ಟಲ್ಲ."

"ಕೆಲಸ ಹೋಗುತ್ತೆ, ಗೊತ್ತಲ್ಲ?"

"ವಾರ್ಡ್ ಹೋಗುತ್ತೆ. ಗೊತ್ತು."

ಡಾಕ್ಟರು ನಿಟ್ಟುಸಿರಿಟ್ಟು ತಾವೇ ಪಟ್ಟಿ ಬಿಗಿಯಲು ಹೋಗುತ್ತಾರೆ. ಒಂದು ಕಾಲು ಸಿಕ್ಕಿದರೆ ಇನ್ನೊಂದು ಜಾರುತ್ತದೆ. ಮಗು ಕಿರುಚುತ್ತದೆ. ಇಷ್ಟು ವರ್ಷ ಅವರ ಕೈಗೆ ಬರುತ್ತಿದ್ದದ್ದು ಕಟ್ಟಿಟ್ಟ ಮಗು. ನಾಲ್ಕನೆಯ ಪಟ್ಟಿ ಮುಗಿಯುವಷ್ಟರಲ್ಲಿ ಅವರ ಹಣೆ ಬೆವರುತ್ತದೆ. ನೋವಿನ ಚುಚ್ಚುಮದ್ದು ಕೊಟ್ಟು, ಅದು ಹಿಡಿಯುವವರೆಗೆ ಕಾದು, ಶಸ್ತ್ರಕ್ರಿಯೆ ಮುಗಿಸುತ್ತಾರೆ. ಅವರು ಮನಸ್ಸು ಬದಲಾಯಿಸಿಲ್ಲ. ಆದರೆ ಹೊರಗೆ ಹೋಗುವಾಗ ಮೇಲ್ವಿಚಾರಕಿಯ ಬಾಗಿಲಲ್ಲಿ ನಿಂತು ಹೇಳುತ್ತಾರೆ: "ಐಲಾ ಅಲ್ಲೇ ಇರ್ಲಿ. ಕತ್ತರಿಸೋನು ನಾನು. ಕಟ್ಟೋದೂ ನಾನೇ ಕಟ್ತೀನಿ."

ಐಲಾ ಪಟ್ಟಿಗಳನ್ನು ಬಿಚ್ಚಿ, ಮಗುವನ್ನು ಬೆಚ್ಚಗೆ ಸುತ್ತಿ ತಾಯಿಯ ಬಳಿ ಒಯ್ಯುತ್ತಾರೆ.

"ತುಂಬಾ ಅತ್ನಾ ಸಿಸ್ಟರ್?"

"ಹೂಂ, ಅತ್ತ ಕಣಮ್ಮ. ಎದೆಗೆ ಹಾಕ್ಕೋ. ನಾನು ಇಲ್ಲೇ ಇರ್ತೀನಿ."

ತಾಯಿಯೂ ಅಳುತ್ತಾಳೆ. ಮಗು ಹಾಲು ಹಿಡಿಯುವವರೆಗೆ ಐಲಾ ಮಂಚದ ಬಳಿಯಿಂದ ಕದಲುವುದಿಲ್ಲ.

ಆಮೇಲೆ ಕೋಣೆಗೆ ಮರಳಿ ಆ ಹಲಗೆಯನ್ನು ಮತ್ತೆ ತೊಳೆಯುತ್ತಾರೆ. ನಿಮ್ಮ ಆಸೆಯೇನು ಎಂದು ಯಾರಾದರೂ ಕೇಳಿದರೆ ಹಲಗೆಯ ನೀರು ಕೊಡವುತ್ತಾರೆ.

"ಧೂಳು ಕಂಡ್ರೆ ನಂಗಾಗಲ್ಲ, ಎಲ್ಲರಿಗೂ ಗೊತ್ತು," ಎನ್ನುತ್ತಾರೆ, ಹಲಗೆಯನ್ನು ಗೂಟಕ್ಕೆ ಸಿಕ್ಕಿಸುತ್ತಾ. "ಇದರ ಮೇಲೆ ಮಾತ್ರ ಧೂಳು ಕೂತಿರೋದನ್ನ ಒಂದು ದಿನ ನೋಡ್ಬೇಕು. ಅವತ್ತು ಒರೆಸಲ್ಲ."