ಹಲ್ಲು ತಾಗಿದ ಕುರಿ

ನಾನು ನಿಂತಿದ್ದು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯ ಎಡಬದಿಯಲ್ಲಿ, ಒಂದು ಸಣ್ಣ ಸೇತುವೆಯ ಪಕ್ಕ. ಈ ವರ್ಷ ಸಂಕ್ರಾಂತಿ ಕಳೆದ ಮೂರನೆಯ ದಿನ, ಬೆಳಿಗ್ಗೆ ಏಳೂಕಾಲು. ಬಸ್ಸು ಕೆಟ್ಟಿತ್ತು. ತೊಗರಿ ಕೊಯ್ದ ಹೊಲದಿಂದ ಒಂದು ಪ್ರಾಣಿ ಹೊರಬಂದು, ನನ್ನಿಂದ ನಲವತ್ತು ಹೆಜ್ಜೆ ದೂರದಲ್ಲಿ ರಸ್ತೆ ದಾಟಿ, ಕಲ್ಲುಗುಡ್ಡದ ಕಡೆ ಹೋಯಿತು. ನಡುವೆ ಒಮ್ಮೆ ನಿಂತು ತಿರುಗಿ ನೋಡಿತು. ಉದ್ದ ಕಾಲು, ಕೆಳಗೆ ಇಳಿಬಿಟ್ಟ ಬಾಲ, ಒಣಹುಲ್ಲಿನ ಬಣ್ಣ.

"ತೋಳ!" ಎಂದೆ.

"ಚಾ ಕುಡದಿಲ್ಲೇನ್ರಿ ಇನ್ನಾ? ನಾಯಿ ಅದು. ಕುಂದರ್ರಿ ಅಜ್ಜಾರ," ಎಂದ ಕಂಡಕ್ಟರ್, ಮೊಬೈಲಿನಿಂದ ತಲೆ ಎತ್ತದೆ.

ನೀವು ಜೊತೆಗಿದ್ದರೆ ನೀವೂ ನಾಯಿ ಎನ್ನುತ್ತಿದ್ದಿರೇನೋ, ತಪ್ಪಿಲ್ಲ. ಈ ಸೀಮೆಯಲ್ಲಿ ನಾನೇ ತೋಳ ಕಾಣದೆ ಮೂವತ್ತು ವರ್ಷ ಮೀರಿತ್ತು.

ಆಗ ನಾನು ಮಸ್ಕಿ ಕಡೆಯ ಹಳ್ಳಿಗಳಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಸರ್ಕಾರಿ ಕೆಲಸದಲ್ಲಿದ್ದೆ. ಡಾಕ್ಟರನಲ್ಲ. ಆದರೆ ಜನ ಡಾಕ್ಟ್ರ ಎನ್ನುತ್ತಿದ್ದರು, ನಾನು ಒಮ್ಮೆಯೂ ತಿದ್ದಲಿಲ್ಲ. ಕುರಿಗಾರ ಬೀರಪ್ಪ ಮತ್ತು ಅವನ ಹೆಂಡತಿ ಮಾಳವ್ವ ಬೇಸಿಗೆಯಲ್ಲಿ ಜವಳಗೇರಾದ ಕಾಲುವೆ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ತರುಬುತ್ತಿದ್ದರು, ಉಳಿದ ಕಾಲ ಈ ಗುಡ್ಡದ ಸುತ್ತ ಇರುತ್ತಿದ್ದರು. ತೋಳದ ಹಲ್ಲು ತಾಗಿ ಸತ್ತ ಕುರಿಯನ್ನು ಅವರು ಹಿಂದಕ್ಕೆ ತರುತ್ತಿರಲಿಲ್ಲ. ಅದು ತೋಳದ ಪಾಲು. ಅಲ್ಲೇ ಬಿಟ್ಟು, ಮಂದೆ ಎಬ್ಬಿಸಿಕೊಂಡು ಬೇರೆ ಹೊಲಕ್ಕೆ ನಡೆಯುತ್ತಿದ್ದರು. ತೋಳ ತಾನು ತಿಂದು, ಮರಿಗಳಿಗೂ ಒಯ್ದು, ಎಷ್ಟೋ ದಿನ ಅವರ ಕಡೆ ಸುಳಿಯುತ್ತಿರಲಿಲ್ಲ.

ಹುಲಿಗಿರುವ ಕಾನೂನೇ ತೋಳಕ್ಕೂ ಇದೆ, ಕೊಂದರೆ ಜೈಲು ಎಂದು ನಾನು ಹೇಳಿದಾಗ ಬೀರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ನಮ್ಮ ಮುತ್ಯಾ ತೋಳದ ಬಾಲ ಕಚೇರ್ಯಾಗ ತೋರ್ಸಿ ರುಮಾಲು ಇನಾಮು ತಂದಿದ್ದ. ಮೊಮ್ಮಗಗ ಜೈಲೇನ್ರಿ? ನಿಮ್ ಸರ್ಕಾರದ್ದು ಒಂದ್ ಮಾತಿಲ್ಲ ಬಿಡ್ರಿ ಡಾಕ್ಟ್ರ."

ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಸತ್ತ ಕುರಿಗೆ ಪರಿಹಾರ ಕೇಳಬಹುದು, ಆದರೆ ಕುರಿಯನ್ನು ನಾನು ಕಣ್ಣಾರೆ ನೋಡಿ ಬರೆದುಕೊಡಬೇಕು ಎಂದೂ ಹೇಳಿಬಿಟ್ಟೆ. ಓದಿಕೊಂಡವನ ಹೆಮ್ಮೆ.

ಬೀರಪ್ಪ ನನ್ನ ಮಾತು ನಂಬಿದ. ಮುಂದಿನ ಸಲ ತೋಳ ಕುರಿ ಹಿಡಿದಾಗ ಬೆನ್ನಟ್ಟಿ, ಅದರ ಬಾಯಿಂದ ಸತ್ತ ಕುರಿಯನ್ನು ಕಿತ್ತು ತಂದು, ಗೋಣಿತಟ್ಟು ಮುಚ್ಚಿಟ್ಟು ನನಗೆ ಹೇಳಿಕಳಿಸಿದ. ನಾನು ಸಿಂಧನೂರಿನ ಮೀಟಿಂಗಿನಲ್ಲಿದ್ದೆ. ಮೂರನೆಯ ದಿನ ಮಧ್ಯಾಹ್ನ ಫಾರಂ ಹಿಡಿದು ಹೋದಾಗ ವಾಸನೆಯೇ ದಾರಿ ತೋರಿಸಿತು.

"ಎಲ್ಲಿ ಸತ್ತಿದ್ರಿ ಎರಡ್ ದಿನ?" ಎಂದಳು ಮಾಳವ್ವ. "ತೋಳ ತನ್ನ ಕುರಿ ಹುಡಿಕ್ಯಾಂತ ಹಟ್ಟಿಗೇ ಬಂತ್ರಿ. ಕುರಿಮರಿ ಮುಚ್ಚಿದ್ ಬುಟ್ಟಿ ಕೆಡವಿ ನಾಕು ಮರಿ ಒಯ್ದೈತಿ. ಅಂವ ಗುಡ್ಡಕ್ಕ ಹೋಗ್ಯಾನ, ಬರ್ರಿ ಲಗೂನ."

ಮಾಳವ್ವನ ಹಿಂದೆಯೇ ಓಡಿದೆ. ಗುಡ್ಡದ ಕೆಳಗೆ ತೋಳದ ಬಿಲ. ಬೀರಪ್ಪ ಅದರ ಬಾಯಿಗೆ ಕಲ್ಲು ಪೇರಿಸುತ್ತಿದ್ದ. ಒಳಗೆ ಮರಿಗಳಿದ್ದವು. ಕುಂಯ್ ಎನ್ನುವುದು ಕೇಳುತ್ತಿತ್ತು. ಒಂದೇ ಕಲ್ಲಿನ ಜಾಗ ಉಳಿದಿತ್ತು. ಅವನು ಆ ಕಲ್ಲನ್ನು ಎದೆಗಾನಿಸಿಕೊಂಡು ನನ್ನ ಕಡೆ ತಿರುಗಿದ.

"ಕಾನೂನು ಗೊತ್ತಿದ್ದವರು ನೀವು. ಇಡ್ಲೇನ್ರಿ, ಬಿಡ್ಲೇನ್ರಿ?"

ಅವನು ನಿಜವಾಗಿಯೂ ಕೇಳಿದ್ದ. ಬೇಡ ಎಂದಿದ್ದರೆ ಇಳಿಸುತ್ತಿದ್ದ. ನಾನು ಕೈಯಲ್ಲಿದ್ದ ಫಾರಂ ಮಡಿಚಿದೆ. ತಡವಾಗಿ ಬಂದ ನಾಚಿಕೆಯೋ, ನಾಲ್ಕು ಮರಿ ಕಳೆದುಕೊಂಡವನ ಮುಖವೋ, ಬೇಡ ಎನ್ನಲು ಬಾಯಿ ಬರಲಿಲ್ಲ. ಬೀರಪ್ಪ ಕಲ್ಲು ಇಟ್ಟ.

ಮೂರು ಸಂಜೆ ಆ ಗುಡ್ಡದಿಂದ ತಾಯಿ ತೋಳದ ಕೂಗು ಕೇಳಿತಂತೆ. ಆಮೇಲೆ ಇಲ್ಲ. ಬರಬರುತ್ತ ಸುತ್ತಲಿನ ಬೀಳುಗಳೂ ಹೊಲವಾದವು. ಪಕ್ಕದ ಜಿಲ್ಲೆಯಲ್ಲಿ ತೋಳಗಳಿಗೇ ಒಂದು ಕಾಡು ಕಾಯ್ದಿಟ್ಟಿದ್ದಾರೆ, ಸಂತತಿ ಹೆಚ್ಚುತ್ತಿದೆ ಎಂದು ಪೇಪರಿನಲ್ಲಿ ಓದಿದಾಗಲೆಲ್ಲ ನಾನು ಸಂಜೆ ಮಾಳಿಗೆ ಹತ್ತಿ ಕಿವಿಗೊಟ್ಟು ನಿಲ್ಲುತ್ತಿದ್ದೆ. ಮಸ್ಕಿಯ ಮಾಳಿಗೆ ಮೇಲೆ ಏನು ಕೇಳೀತು? ಹಾರ್ನು, ನಾಯಿ, ಮದುವೆಯ ಡಿಜೆ. ಬೀರಪ್ಪ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. "ಅದು ಕೂಗಿದ್ರ ಎಲ್ಲೈತಿ ಅಂತ ತಿಳೀತಿತ್ರಿ. ಈಗ ಬರೇ ಬಯಲು," ಎಂದ. ಕಲ್ಲಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬಸ್ಸು ರಿಪೇರಿಯಾಯಿತು. ನಾನು ಹತ್ತಲಿಲ್ಲ. ಎದುರಿನಿಂದ ಬಂದ ಟಂಟಂ ಆಟೊ ಹಿಡಿದು ಹಿಂದಿನ ಹಳ್ಳಿಯಲ್ಲಿದ್ದ ಮಾಳವ್ವನ ಮನೆಗೆ ಹೋದೆ. ಆಕೆ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತಿದ್ದಳು. ಕಂಡದ್ದನ್ನು ಕಂಡಂತೆ ಹೇಳಿದೆ. ಹಿಂಜುವ ಕೈ ನಿಂತಿತು.

"ಮಲಿ ಜೋತಿದ್ದುವೇನ್ರಿ?"

"ಮೊಲೆ ಜೋತಿದ್ದವು."

"ಹಂಗಾರ ಮರಿ ಹಾಕೈತಿ."

ಈಗ ಮಂದೆ ಕಾಯುವವನು ಮಗ ಮಲ್ಲಪ್ಪ. "ನಮ್ಮ ಕುರಿ ಹೊಡದ್ರ ನೋಡ್ಕೋಂತ ನಿಂದ್ರಬೇಕೇನ್ ಯವ್ವಾ? ಪರಿಹಾರಕ್ಕ ಕುರಿ ತರಬೇಕಲ್ಲ?" ಎಂದ.

"ಫೋನ್ ಯಾಕ ಇಟ್ಟೀಯಲೇ, ರೀಲ್ಸ್ ನೋಡಾಕ? ಫೋಟೋ ಹೊಡ್ಕೋ. ಕುರಿ ಅಲ್ಲೇ ಬಿಡು, ತರಬ್ಯಾಡ." ನನ್ನ ಕಡೆ ತಿರುಗಿದಳು. "ಫೋಟೋ ನಡಿತೈತಿಲ್ರಿ ಡಾಕ್ಟ್ರ?"

ನಡೆಯುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಈ ಸಲ ಹಾಗೆಂದೇ ಹೇಳಿದೆ. ಕಚೇರಿಗೆ ಹೋಗಿ ಕೇಳಿಕೊಂಡು ನಾಳೆಯೇ ಬರುತ್ತೇನೆ, ಅಲ್ಲಿಯವರೆಗೆ ಏನೇ ಆದರೂ ಬಿಲದ ಹತ್ತಿರ ಹೋಗಬೇಡ, ಕಲ್ಲು ಮುಟ್ಟಬೇಡ ಎಂದು ಮಲ್ಲಪ್ಪನಿಗೆ ಹೇಳಿದೆ. ಅಂದು ಗುಡ್ಡದ ಕೆಳಗೆ ನಾನು ಹೇಳದೆ ಹೋದ ಮಾತು ಇಷ್ಟು ಸಣ್ಣದಿತ್ತು.

ಬಿಲದ ಬಾಯಿ ಮುಚ್ಚಿದ ದಿನ ಅಲ್ಲಿದ್ದವರು ಮೂವರು. ಬೀರಪ್ಪ ಈಗಿಲ್ಲ. ಈ ಸಲ ಬೇಡ ಎನ್ನಲು ನಾನಿದ್ದೇನೆ. ಮಾಳವ್ವ ಇದ್ದಾಳೆ.