ಅರ್ಲೀನ್ ಹಾರಿಸದ ಗುಂಡು

ಪೈನ್ ಮರಗಳ ಹಿಂದೆ ಆಕಾಶ ಬೂದಿಬಣ್ಣಕ್ಕೆ ತಿರುಗುತ್ತಿದೆ. ಕಡಲೆಕಾಯಿ ಹೊಲದ ಅಂಚಿನಲ್ಲಿ ನಿಲ್ಲಿಸಿದ ಪಿಕಪ್ಪಿನ ಕೆಳಕ್ಕೆ ಮಡಚಿದ ಹಿಂಬಾಗಿಲ ಮೇಲೆ ಕೂತು ಅರ್ಲೀನ್ ಟಿಲ್‌ಮನ್ ರೈಫಲ್ಲಿನಿಂದ ಗುಂಡುಗಳನ್ನು ತೆಗೆದು ಡಬ್ಬಿಗೆ ಹಾಕುತ್ತಾರೆ. ಆಮೇಲೆ ಹೆಲ್ಮೆಟ್ ಕಳಚಿ ಕುತ್ತಿಗೆ ನೀವಿಕೊಳ್ಳುತ್ತಾರೆ. ಹೆಲ್ಮೆಟ್ಟಿನಿಂದ ಬಲಗಣ್ಣಿನ ಮುಂದಕ್ಕೆ ಇಳಿಬಿಟ್ಟಿರುವ, ಕತ್ತಲಲ್ಲಿ ನೋಡುವ ಒಂಟಿಗಣ್ಣಿನ ದುರ್ಬೀನಿನ ಭಾರ ಎಷ್ಟೆಂಬುದು ಒಂಬತ್ತು ಗಂಟೆ ಹೊತ್ತವರಿಗೇ ಗೊತ್ತು.

"ಈಗ ಕೇಳಿ ಅದೇನು ಕೇಳ್ತೀರೋ," ಅನ್ನುತ್ತಾರೆ. "ಬಂದೂಕು ಖಾಲಿ ಆಗೋ ತನಕ ನಾನು ಯಾರ ಹತ್ರಾನೂ ಮಾತಾಡಲ್ಲ."

ರಾತ್ರಿ ನಾಲ್ಕು ಕಾಡುಹಂದಿ ಬಿದ್ದಿವೆ. ಹೊಲದ ಯಜಮಾನ ಹೋಯ್ಟ್ ಸರ್ಮನ್ಸ್ ಹಾಕಿದ ಬೀಜ ಮಣ್ಣಲ್ಲೇ ಉಳಿದಿದೆ. ದಕ್ಷಿಣ ಜಾರ್ಜಿಯಾದ ನಮ್ಮ ಕಡೆ ಹಂದಿಗಳಿಗೆ ಬಿತ್ತನೆಯ ಸಾಲು ಸಿಕ್ಕರೆ ಮುಗಿಯಿತು. ಮೂತಿ ಊರಿ ಒಂದೊಂದೇ ಬೀಜ ಎತ್ತಿ ತಿನ್ನುತ್ತ ಸಾಲಿನ ಈ ತುದಿಯಿಂದ ಆ ತುದಿಗೆ ನೇರ ಹೋಗುತ್ತವೆ. ಹದಿನೆಂಟು ವರ್ಷದಿಂದ ಇಲ್ಲಿನ ಉಪ್ಪುನೀರಲ್ಲಿ ಬೇಯಿಸಿದ ಕಡಲೆಕಾಯಿಯನ್ನು ಬಾಯಿ ಚಪ್ಪರಿಸಿ ತಿಂದವನು ನಾನು. ಅದರ ಬೀಜವನ್ನು ಯಾರೋ ನಿದ್ದೆಗೆಟ್ಟು ಕಾದಿರುತ್ತಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಐವತ್ತೊಂಬತ್ತರ ಅರ್ಲೀನ್ ಇಪ್ಪತ್ನಾಲ್ಕು ವರ್ಷ ಕಡಲೆಕಾಯಿ ಸುಲಿಯುವ ಕಾರ್ಖಾನೆಯಲ್ಲಿದ್ದವರು. ಮುಂದೆ ಓಡುವ ಪಟ್ಟಿಯ ಮೇಲಿನ ಕಾಳಿನ ಹೊಳೆಯಿಂದ ಕಲ್ಲು, ಮಣ್ಣುಹೆಂಟೆ, ಹುಳುಕು ಆರಿಸುವ ಕೆಲಸ. ಕಾರ್ಖಾನೆ ಬಾಗಿಲು ಹಾಕಿದಾಗ ತಂಗಿಯ ಗಂಡ ಹಂದಿಗಳಿಂದ ಹೊಲ ಕಾಯುವ ಕೆಲಸ ಕಲಿಸಿದ. "ನೀನು ಕಣ್ಣಲ್ಲಿ ಕಣ್ಣಿಟ್ಟು ನೋಡೋಳು, ಇನ್ನೇನು ಬೇಕು ಅಂದ. ಅವನಿಗೇ ಕಣ್ಣು ನೆಟ್ಟಗಿರಲಿಲ್ಲ, ಪಾಪ." ಈಗ ಮಾರ್ಚ್‌ನಿಂದ ಜೂನ್‌ವರೆಗೆ ವಾರಕ್ಕೆ ಆರು ರಾತ್ರಿ, ಹನ್ನೊಂದು ರೈತರ ಹೊಲ. ಕಳೆದ ವರ್ಷ ಇನ್ನೂರ ಹನ್ನೆರಡು ಹಂದಿ. ಒಂದೂ ಕಾಣದ ರಾತ್ರಿಗಳೂ ಬೇಕಾದಷ್ಟು.

ರೈಫಲ್ಲಿನ ಮೇಲೆ ಪುಟ್ಟ ಗಾಜಿನ ಕಿಟಕಿಯೊಂದಿದೆ. ಅದೇ ಹಾಲೋಗ್ರಾಫಿಕ್ ಸೈಟ್. ಅದರೊಳಗೆ ಬೆಳಕಿನ ಒಂದು ಉಂಗುರ, ನಡುವೆ ಚುಕ್ಕೆ. ಚುಕ್ಕೆ ಗಾಜಿನಲ್ಲಿಲ್ಲ, ದೂರದ ಹೊಲದಲ್ಲೇ ಬಿದ್ದಂತೆ ಕಾಣುತ್ತದೆ. ಹಾಗಾಗಿ ದುರ್ಬೀನನ್ನು ದೂರಕ್ಕೆ ಹೊಂದಿಸಿಟ್ಟರೆ ಹಂದಿಯೂ ಚುಕ್ಕೆಯೂ ಒಟ್ಟಿಗೇ ಸ್ಪಷ್ಟ. ಹೊಸಬರು ಎಡವುವುದು ಇನ್ನೊಂದು ಕಡೆ. ಚುಕ್ಕೆಯ ಹಗಲಿನ ಹೊಳಪನ್ನು ಇಳಿಸುವುದನ್ನೇ ಮರೆತಿರುತ್ತಾರೆ.

"ದುರ್ಬೀನು ಸಣ್ಣ ಬೆಳಕನ್ನೂ ದೊಡ್ಡದು ಮಾಡತ್ತಲ್ಲ, ಚುಕ್ಕೆ ಎದುರಿಂದ ಬರೋ ಲಾರಿ ದೀಪದ ಹಾಗೆ ಕಣ್ಣಿಗೆ ಹೊಡೆಯತ್ತೆ. ಹಂದಿ ಅದರ ಹಿಂದೆ ಆರಾಮಾಗಿ ಊಟ ಮಾಡ್ತಿರತ್ತೆ. ಸೈಟಿನಲ್ಲಿರೋ ರಾತ್ರಿ ಗುಂಡಿ ಒತ್ತಿದ್ರೆ ಚುಕ್ಕೆ ಬರಿಗಣ್ಣಿಗೆ ಕಾಣೋದೇ ಇಲ್ಲ, ದುರ್ಬೀನಿಗೆ ಮಾತ್ರ ಕಾಣತ್ತೆ. ಅಷ್ಟೇ ಸಾಕು."

ಆದರೆ ಅರ್ಲೀನ್ ಅವರ ಬದುಕಿನ ದೊಡ್ಡ ರಾತ್ರಿಯಲ್ಲಿ ಹೊಳಪು ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಬೇರೆ ಕಡೆ, ಅದನ್ನು ಅವರು ಮುಚ್ಚಿಟ್ಟುಕೊಳ್ಳುವುದಿಲ್ಲ.

ಎರಡು ವರ್ಷದ ಹಿಂದಿನ ಮೇ ತಿಂಗಳು. ಹೋಯ್ಟ್ ಬಿತ್ತಿದ್ದನ್ನು ಹಂದಿಗಳು ಎರಡು ಸಲ ತಿಂದಿದ್ದವು. ಮೂರನೇ ಬಿತ್ತನೆಯೂ ಹೋದರೆ ಆ ವರ್ಷಕ್ಕೆ ಬೆಳೆಯಿಲ್ಲ. ಕತ್ತಲಾದ ಮೇಲೆ ಮನೆಯವರು ಅಂಗಳ ದಾಟಬಾರದೆಂಬ ಮಾತು ಆಗಿತ್ತು. ಆಗ ಅರ್ಲೀನ್ ದುರ್ಬೀನನ್ನು ರೈಫಲ್ ಮೇಲೇ, ಸೈಟಿನ ಹಿಂದೆ ಕೂರಿಸಿಕೊಳ್ಳುತ್ತಿದ್ದರು. ಕುತ್ತಿಗೆಗೆ ಹಿತ. ಆದರೆ ಏನನ್ನು ನೋಡಬೇಕೆಂದರೂ ಅದರ ಕಡೆಗೆ ಬಂದೂಕು ತಿರುಗಿಸಬೇಕು.

ನಡುರಾತ್ರಿ ಕಳೆದ ಮೇಲೆ ಸಾಲಿನಲ್ಲಿ ಕಪ್ಪನೆಯ ಗುಡ್ಡೆಯೊಂದು ಕಂಡಿತು. ತಲೆ ತಗ್ಗಿಸಿದೆ, ಮಣ್ಣು ಕೆದಕುತ್ತಿದೆ, ಎರಡಡಿ ಮುಂದೆ ಹೋಗಿ ಮತ್ತೆ ಕೆದಕುತ್ತಿದೆ. ಥೇಟ್ ಹಂದಿಯ ನಡೆ.

"ಚುಕ್ಕೆ ಬೆನ್ನ ಮೇಲೆ ಕೂತಿತ್ತು. ಬೆರಳು ಬಂದೂಕಿನ ಕುದುರೆ ಮೇಲಿತ್ತು. ಸುಳ್ಳು ಯಾಕೆ ಹೇಳ್ಲಿ," ಎನ್ನುವಾಗ ಅರ್ಲೀನ್ ಅವರ ದನಿ ಇಳಿಯುತ್ತದೆ. "ಅಷ್ಟರಲ್ಲಿ ಅದು ಕೆದಕಿದ ಮಣ್ಣನ್ನ ವಾಪಸ್ ಮುಚ್ಚಿತು. ಮುಚ್ಚಿ ಎರಡು ಸಲ ತಟ್ಟಿತು. ಹಂದಿ ಎಲ್ಲಾದ್ರೂ ಮಣ್ಣು ಮುಚ್ಚತ್ತಾ?"

ಅವರು ಗುಂಡು ತೆಗೆದು, ಬಂದೂಕು ನೆಲದ ಮೇಲಿಟ್ಟು ಕೂಗಿದರು. "ಮಿಸ್ಟರ್ ಹೋಯ್ಟ್, ನೀವೇನಾ?"

ಕತ್ತಲಿಂದ ಅಪರಾಧಿಯ ದನಿ ಬಂತು. "ನಾನೇ, ಮಿಸ್ ಅರ್ಲೀನ್. ನಿದ್ದೆ ಬರ್ಲಿಲ್ಲ. ಮೊಳಕೆ ಬಂದಿದ್ಯಾ ನೋಡೋಣ ಅಂತ."

ಬಿತ್ತಿದ ಬೀಜವನ್ನು ಕೆದಕಿ ನೋಡುವ ಚಪಲ ಇಲ್ಲಿನ ಪ್ರತಿಯೊಬ್ಬ ರೈತನಿಗೂ ಇದೆ. ಮಂಡಿಯೂರಿ, ಬೆರಳಲ್ಲಿ ಮಣ್ಣು ಸರಿಸಿ, ಬೀಜದ ಮೂತಿ ಒಡೆದಿದೆಯೇ ನೋಡಿ, ಮಗುವಿಗೆ ಹೊದಿಸಿದಂತೆ ಮತ್ತೆ ಮುಚ್ಚುತ್ತಾರೆ. ಹಗಲು ಮಾಡಬೇಕಾದ್ದನ್ನು ಹೋಯ್ಟ್ ರಾತ್ರಿ ಮಾಡಿದ್ದರು. ಹಂದಿಗಳು ಬೆದರುತ್ತವೆಂದು ಟಾರ್ಚನ್ನೂ ಹಚ್ಚಿರಲಿಲ್ಲ.

ಅರ್ಲೀನ್ ಸಾಲಿನಲ್ಲೇ ಕೂತು ಅತ್ತರು. ಬೆಳಿಗ್ಗೆ ಗೇಟಿನ ಬೀಗದ ಕೈ ಹಿಂದಿರುಗಿಸಿ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದರು. ಹೋಯ್ಟ್ ಅವರ ಹೆಂಡತಿ ಮರ್ಲ್ ಬೀಗದ ಕೈಯನ್ನು ಅರ್ಲೀನ್ ಜೇಬಿಗೇ ವಾಪಸ್ ತುರುಕಿದರು.

"ಬೇರೆಯವ್ರಾಗಿದ್ರೆ ನಾನಿವತ್ತು ವಿಧವೆ," ಮರ್ಲ್ ನನಗೆ ಹೇಳುತ್ತಾರೆ. "ಅರ್ಲೀನ್ ಕಣ್ಣಿಗೋಸ್ಕರ ನಾನು ದಿನಾ ಮಲಗೋ ಮುಂಚೆ ಪ್ರಾರ್ಥನೆ ಮಾಡ್ತೀನಿ. ಈ ಮನುಷ್ಯನ ಬುದ್ಧಿಗೋಸ್ಕರಾನೂ ಮಾಡ್ತೀನಿ, ಅದಿನ್ನೂ ಫಲ ಕೊಟ್ಟಿಲ್ಲ."

ಆವತ್ತಿನಿಂದ ದುರ್ಬೀನು ರೈಫಲ್ಲಿನಿಂದ ಇಳಿದು ಹೆಲ್ಮೆಟ್ಟಿಗೆ ಏರಿದೆ. ಮೊದಲು ಕಣ್ಣು ನೋಡುತ್ತದೆ, ಬಂದೂಕು ನೆಲ ನೋಡುತ್ತಿರುತ್ತದೆ. ಇದು ಹಂದಿಯೇ ಎಂದು ಮೂರು ಸಲ ಖಾತ್ರಿಯಾದ ಮೇಲೇ ಸೈಟು ಕಣ್ಣಿನೆದುರಿಗೆ ಬರುವುದು. ಅಷ್ಟರಲ್ಲಿ ಒಂದೆರಡು ಹಂದಿ ತಪ್ಪಿಸಿಕೊಳ್ಳುತ್ತವೆ, ಕೆಲವು ಸಾಲು ಬೀಜ ಹೋಗುತ್ತದೆ. ಯಾವ ರೈತನೂ ಗೊಣಗಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬಂದ ಐದಾರು ಮಂದಿಗೂ ಅರ್ಲೀನ್ ಕೂರಿಸಿಕೊಂಡು ಇದನ್ನೇ ಕಲಿಸಿದ್ದಾರೆ, ತನ್ನ ತಪ್ಪನ್ನು ಮೊದಲು ಹೇಳಿಯೇ.

ಹೋಯ್ಟ್ ಈಗ ಅಂಗಳದಲ್ಲೇ ನಿಂತು ಫೋನ್ ಮಾಡುತ್ತಾರೆ. "ಬರಬಹುದಾ, ಮಿಸ್ ಅರ್ಲೀನ್?" ಅರವತ್ತೇಳರ ಯಜಮಾನ ತನ್ನ ಹೊಲಕ್ಕೆ ಇಳಿಯಲು ತಾನೇ ಅನುಮತಿ ಕೇಳುವುದನ್ನು ನೋಡಿ ನನಗೆ ನಗು ಬರುತ್ತದೆ, ಕಣ್ಣೂ ತುಂಬುತ್ತದೆ. "ಬನ್ನಿ, ಬಂದೂಕು ಖಾಲಿ ಇದೆ" ಎಂದ ಮೇಲೆ ಅವರು ನಡೆದು ಬಂದು, ನಮ್ಮೆದುರಿಗೇ ಸಾಲಿನಲ್ಲಿ ಮಂಡಿಯೂರಿ ಮಣ್ಣು ಕೆದಕಲು ಶುರುಮಾಡುತ್ತಾರೆ.

ಕಾರ್ಖಾನೆಯಲ್ಲಿ ಹಿಂದೆ ಜೊತೆಗಿದ್ದವರು ಭೇಟಿಯಾದಾಗ ಆ ಇನ್ನೂರ ಹನ್ನೆರಡು ಹಂದಿಗಳ ಬಗ್ಗೆಯೇ ಕೇಳುತ್ತಾರಂತೆ. ನಾನೂ ಅದನ್ನೇ ಕೇಳಿದ್ದೆ. ನಿಮಗೆ ಯಾವ ಲೆಕ್ಕ ಹೆಮ್ಮೆಯದು ಎಂದು ಈಗ ಕೇಳುತ್ತೇನೆ.

ಅರ್ಲೀನ್ ಮಂಡಿಯೂರಿದ ಮುದುಕನನ್ನೇ ನೋಡುತ್ತಾರೆ. ಹೋಯ್ಟ್ ಅವರ ಬೆರಳಿನ ಕೆಳಗೆ ಬಿಳಿಯ ಮೊಳಕೆಯೊಂದು ಹೊರಬಂದಿದೆ.

"ಇವ್ರು ಅರವತ್ತೇಳಕ್ಕೆ ಕಾಲಿಟ್ರಲ್ಲ," ಅನ್ನುತ್ತಾರೆ. "ಅದು."